ಇಕ್ಕೇರಿ, 1623: ಒಂದು ಐತಿಹಾಸಿಕ ಕಾದಂಬರಿ ಕಟ್ಟುವ ಕೆಲಸದ ದಾಖಲೆ

ನಾನು ಬರೆಯುತ್ತಿರುವ ಕಾದಂಬರಿಯ ಕಾಲ 1623ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ, ಕೆಳದಿ ಅರಸರ ಅಂದಿನ ರಾಜಧಾನಿ ಇಕ್ಕೇರಿಯನ್ನು ಮುಟ್ಟುವ ದಾರಿಯೇ ಅದರ ನೆಲ. ಆಗ ಆಳುತ್ತಿದ್ದವನು ಹಿರಿಯ ವೆಂಕಟಪ್ಪ ನಾಯಕ. ಮಂಗಳೂರಿನ ಆಸುಪಾಸಿನ ಬಂಗ ಅರಸನ ರಾಜ್ಯದ ವಿಷಯವನ್ನು ಮಾತಾಡಿ ಮುಗಿಸಲು ಗೋವೆಯ ಪೋರ್ಚುಗೀಸರು ಅವನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ವೆಂಕಟಪ್ಪನ ಪರವಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈ ಅದೇ ತಂಡದೊಡನೆ ಹಿಂದಿರುಗಿದರು. ತಂಡದ ಜೊತೆಗೆ, ದೇಶ ನೋಡುವ ಆಸೆಯಿಂದ, ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯೂ ಹೊರಟ. ಅವನು ನೇಪಲ್ಸಿನ ತನ್ನ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊಗೆ ಬರೆದ ದೀರ್ಘ ಪತ್ರಗಳಲ್ಲಿ ಆ ದಿನಗಳ ಇಕ್ಕೇರಿ ನಮಗೆ ಉಳಿದಿದೆ: ಬೀದಿ, ಗುಡಿ, ಕುಣಿತ, ಮೆರವಣಿಗೆ, ಮಾತುಕತೆ, ಎಲ್ಲವೂ ತಾರೀಖಿನ ಸಮೇತ.

ಹದಿನೇಳನೆಯ ಶತಮಾನದ ಮಲೆನಾಡಿನ ದಿನಚರಿ ಇಷ್ಟು ಹತ್ತಿರದಿಂದ ಕಾಣುವ ಬರಹಗಳು ವಿರಳ. ಶಾಸನಗಳು ದಾನ, ಗಡಿ, ತಿಥಿಗಳನ್ನು ಹೇಳುತ್ತವೆ. ಅರಮನೆಯ ಕಾವ್ಯಗಳು ವಂಶವನ್ನೂ ಯುದ್ಧವನ್ನೂ ಹೇಳುತ್ತವೆ. ಬೀದಿಯಲ್ಲಿ ನಿಂತವರ ಮುಖ ಮಾತ್ರ ಈ ಪತ್ರಗಳಲ್ಲಿದೆ. ಆದರೆ ಆ ಮುಖವನ್ನು ನೋಡಿದ್ದು ಕನ್ನಡ ಬಾರದ, ದುಭಾಷಿಯ ಮೂಲಕ ಕೇಳಿದ, ಕೆಲವೇ ವಾರ ಇದ್ದು ಹೋದ ಒಬ್ಬನ ಕಣ್ಣು. ನನ್ನ ಕೆಲಸದ ಗುರಿ ಒಂದೇ: ಅವನು ನೋಡಿದ್ದನ್ನು ಅವನನ್ನು ನೋಡಿದವರ ಕಡೆಯಿಂದ ಮತ್ತೆ ಬರೆಯುವುದು. ಕಾದಂಬರಿಯ ಪ್ರತಿಯೊಂದು ತೀರ್ಮಾನವೂ, ಪಾತ್ರದ ಆಯ್ಕೆಯಿಂದ ಹಿಡಿದು ದೀಪದ ಎಣ್ಣೆಯವರೆಗೆ, ಇದರಿಂದಲೇ ಹುಟ್ಟಿದೆ. ಇದೇ ಬಗೆಯ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾದೀತು ಎಂಬ ನಂಬಿಕೆಯಿಂದ, ಮೊದಲ ಭಾಗದ ಕರಡು ಮುಗಿದಿರುವ ಈ ಹಂತದಲ್ಲಿ, ಅದನ್ನು ಹೇಗೆ ಕಟ್ಟಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಪಂಚಾಂಗ

ಮೊದಲು ಕಟ್ಟಿದ್ದು ಕಥೆಯನ್ನಲ್ಲ, ಪಂಚಾಂಗವನ್ನು. 1623–24 ಎಂದರೆ ಶಾಲಿವಾಹನ ಶಕ 1545, ರುಧಿರೋದ್ಗಾರಿ ಸಂವತ್ಸರ. ನನ್ನ ಪಾತ್ರಗಳಿಗೆ ಗೊತ್ತಿರುವುದು ಈ ಹೆಸರು, ಮಾಸ, ಪಕ್ಷ, ತಿಥಿ, ವಾರ. ಪತ್ರದಲ್ಲಿರುವುದು ಕ್ರೈಸ್ತ ತಾರೀಖು. ಎರಡನ್ನೂ ಒಂದೇ ಹಾಳೆಯಲ್ಲಿ ಜೋಡಿಸದೆ ಒಂದು ರಾತ್ರಿಯನ್ನೂ ಬರೆಯಲಾಗುವುದಿಲ್ಲ, ಏಕೆಂದರೆ ಆ ರಾತ್ರಿ ಬೆಳದಿಂಗಳಿತ್ತೋ ಕತ್ತಲಿತ್ತೋ ಎಂಬುದು ಅದರಿಂದಲೇ ತಿಳಿಯಬೇಕು.

ಜೋಡಿಸುವಾಗ ಎಚ್ಚರ ಬೇಕಾದ ಒಂದು ಸ್ಥಳವಿದೆ. ರೋಮ್ ಮತ್ತು ಪೋರ್ಚುಗಲ್ 1582ರಲ್ಲಿಯೇ ಗ್ರೆಗೋರಿಯನ್ ಪದ್ಧತಿಗೆ ಬದಲಾಗಿದ್ದವು. ಇಂಗ್ಲೆಂಡ್ 1752ರವರೆಗೆ ಹಳೆಯ ಜೂಲಿಯನ್ ಪದ್ಧತಿಯಲ್ಲೇ ಉಳಿಯಿತು. ಹದಿನೇಳನೆಯ ಶತಮಾನದಲ್ಲಿ ಎರಡರ ನಡುವಿನ ಅಂತರ 10 ದಿನ. ತಿಥಿಯನ್ನು ತಾರೀಖಿಗೆ ತಿರುಗಿಸುವ ಕೋಷ್ಟಕಗಳಲ್ಲಿಯೂ ಗಣಕಯಂತ್ರದ ತಂತ್ರಾಂಶಗಳಲ್ಲಿಯೂ ಆ ಕಾಲಕ್ಕೆ ಹಳೆಯ ಪದ್ಧತಿಯ ತಾರೀಖನ್ನೇ ಕೊಡುವುದು ಸಾಮಾನ್ಯ. ಹಾಗಾಗಿ ಕೋಷ್ಟಕದ ತಾರೀಖನ್ನು ಇಟಲಿಯವನ ಪತ್ರದ ತಾರೀಖಿನ ಪಕ್ಕದಲ್ಲಿ ನೇರವಾಗಿ ಇಟ್ಟರೆ ಹುಣ್ಣಿಮೆ ಹತ್ತು ದಿನ ಆಚೀಚೆಯಾಗುತ್ತದೆ. ಇದನ್ನು ಪರೀಕ್ಷಿಸಲು ಪತ್ರದಲ್ಲಿಯೇ ಒಂದು ಗುರುತುಗಲ್ಲು ಸಿಕ್ಕಿತು. ಅಕ್ಟೋಬರ್ 24ರಂದು ದೀಪಾವಳಿಯಾಯಿತೆಂದು ದೆಲ್ಲಾ ವಾಲೆ ಬರೆಯುತ್ತಾನೆ. ಚಾಂದ್ರಮಾಸದ ಸರಾಸರಿ 29.53 ದಿನಗಳೆಂದು ಹಿಡಿದು, ನಮಗೆ ನಿಖರವಾಗಿ ಗೊತ್ತಿರುವ ಇತ್ತೀಚಿನ ಒಂದು ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸಿದರೆ, ಗ್ರೆಗೋರಿಯನ್ ಲೆಕ್ಕದಲ್ಲಿ ಅಮಾವಾಸ್ಯೆ ಬರುವುದು ಸರಿಯಾಗಿ 23 ಮತ್ತು 24ರ ನಡುವೆ. ಪತ್ರದ ತಾರೀಖುಗಳು ನಂಬಿಕೆಗೆ ಅರ್ಹ ಎಂಬುದು ಹೀಗೆ ಆಕಾಶದ ಸಾಕ್ಷಿಯಿಂದಲೇ ದೃಢಪಟ್ಟಿತು. ಆ ಕ್ಷಣದಿಂದ ಇಡೀ ಕಾದಂಬರಿಯ ಕೆಳಗೆ ಗಟ್ಟಿ ನೆಲ ಸಿಕ್ಕಂತಾಯಿತು.

ಅಲ್ಲಿಂದ ಮುಂದೆ ಲೆಕ್ಕ ಸುಲಭ. ಕಾರ್ತಿಕದ ಹುಣ್ಣಿಮೆ ನವೆಂಬರ್ 7ರ ಸುಮಾರಿಗೆ, ಮುಂದಿನ ಅಮಾವಾಸ್ಯೆ 22ರ ಆಸುಪಾಸಿನಲ್ಲಿ. ಇದನ್ನು ಒಂದು ಉದ್ದನೆಯ ಹಾಳೆಯಲ್ಲಿ ಬರೆದು, ಪ್ರತಿ ದಿನದ ಎದುರಿಗೆ ತಿಥಿ, ಚಂದ್ರೋದಯದ ಅಂದಾಜು ಹೊತ್ತು, ಗದ್ದೆ ಮತ್ತು ತೋಟದ ಸ್ಥಿತಿ, ಪತ್ರದಲ್ಲಿರುವ ಘಟನೆ, ನನ್ನ ಕಲ್ಪನೆಯ ಘಟನೆ ಎಂಬ ಅಂಕಣಗಳನ್ನು ಮಾಡಿಕೊಂಡೆ. ಗದ್ದೆಯ ಅಂಕಣ ತುಂಬುವುದಕ್ಕೆ ಪುಸ್ತಕ ಬೇಕಾಗಲಿಲ್ಲ. ಆಶ್ವೀಜದ ಭೂಮಿ ಹುಣ್ಣಿಮೆಯಂದು ಬಸಿರಾದ ಗದ್ದೆಗೆ ಬಯಕೆಯ ಊಟ ಬಡಿಸುವ ಮಲೆನಾಡಿನಲ್ಲಿ, ಅದರ ಮುಂದಿನ ಹುಣ್ಣಿಮೆಯ ಹೊತ್ತಿಗೆ ತೆನೆ ಬಲಿತು ಬಾಗಿರುತ್ತದೆ, ತೋಟದಲ್ಲಿ ಅಡಿಕೆಗೊನೆಯ ಕೊಯ್ಲಿನ ಸಿದ್ಧತೆ ನಡೆದಿರುತ್ತದೆ. ರಾಯಭಾರಿಯ ತಂಡಕ್ಕೆ ಹೊರೆಯಾಳುಗಳು ಬೇಕಾದದ್ದು ಸರಿಯಾಗಿ ಈ ಹೊತ್ತಿನಲ್ಲಿ. ಬೆಳೆ ಕಾಯಬೇಕಾದವನು ಪರದೇಶಿಯ ಪೆಟ್ಟಿಗೆ ಹೊರಲು ಹೋಗಬೇಕಾಗುವುದರ ಕಷ್ಟ ನನ್ನ ಮೂರನೆಯ ಅಧ್ಯಾಯದ ವಸ್ತುವಾಯಿತು; ಅದನ್ನು ನನಗೆ ಕೊಟ್ಟಿದ್ದು ಆ ಅಂಕಣ.

ದೀಪಾವಳಿಯ ರಾತ್ರಿಗೆ, ಹೊತ್ತಿಸಿದ ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಒಯ್ದು ಹಾಡುವ ತಂಡವೊಂದನ್ನು ತಂದಿದ್ದೇನೆ. ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಂಟಿಗೆ ಪಂಟಿಗೆಯವರು ಇಂದಿಗೂ ಹಾಗೆಯೇ ಬರುತ್ತಾರೆ. ಅವರ ಇಂದಿನ ಹಾಡಿನ ಸಾಲುಗಳನ್ನು ಮಾತ್ರ ಬಳಸಲಿಲ್ಲ. ಹಾಡು ದೂರದಿಂದ ಕೇಳುತ್ತದೆ, ಪದಗಳು ತಿಳಿಯುವುದಿಲ್ಲ.

ದಾರಿ

ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ನೀರಿನ ದಾರಿಗೆ ಪಂಚಾಂಗದ ಹಾಳೆ ಮತ್ತೆ ಉಪಯೋಗಕ್ಕೆ ಬಂತು. ಅಳಿವೆಯಲ್ಲಿ ದೋಣಿ ಮೇಲಕ್ಕೆ ಹೋಗುವವನು ಭರತದ ನೀರನ್ನು ಕಾಯುತ್ತಾನೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ದಿನದಿಂದ ದಿನಕ್ಕೆ ಅದು ಸುಮಾರು ಎರಡು ಗಳಿಗೆಯಷ್ಟು ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುತ್ತದೆ. ಆದ್ದರಿಂದ ತಂಡ ಯಾವ ದಿನ ಹೊರಟಿತೆಂದು ಗೊತ್ತಾದರೆ, ಅಂಬಿಗ ಯಾವ ಜಾವದಲ್ಲಿ ಅವರನ್ನು ಎಬ್ಬಿಸುತ್ತಿದ್ದ ಎಂಬುದೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅಧಿಕಾರದ ಮಾತು ಆಡುವ ರಾಯಭಾರಿ ಅಂಬಿಗನ ಮಾತಿಗೆ ಕಾದು ಕೂರುವ ಸನ್ನಿವೇಶ ಇದರಿಂದ ತಾನಾಗಿಯೇ ಬಂತು. ಅದಕ್ಕಾಗಿ ನಾನು ಏನನ್ನೂ ಹೆಣೆಯಬೇಕಾಗಲಿಲ್ಲ.

ಗೇರುಸೊಪ್ಪೆ ಆ ಹೊತ್ತಿಗಾಗಲೇ ಹಾಳೂರು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜ್ಯ ಕೆಳದಿಯವರ ಪಾಲಾಗಿ ಎರಡು ದಶಕವೂ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆಯ ಮೇಲೆ ಮರ ಬೆಳೆದದ್ದನ್ನು ಪ್ರವಾಸಿ ಕಂಡ. ಇಂದು ಅಲ್ಲಿ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ಆ ಬಸದಿಯ ನಾಲ್ಕು ಬಾಗಿಲುಗಳಲ್ಲಿ ಯಾವುದರಿಂದ ಯಾವ ಹೊತ್ತಿನಲ್ಲಿ ಬೆಳಕು ಒಳಗೆ ಬರುತ್ತದೆ ಎಂದು ಒಂದು ಇಡೀ ಹಗಲು ಕೂತು ಬರೆದುಕೊಂಡೆ. ಕಲ್ಲು ಬದಲಾಗಿಲ್ಲ, ಸೂರ್ಯನ ದಾರಿ ಬದಲಾಗಿಲ್ಲ. ಐತಿಹಾಸಿಕ ಕಾದಂಬರಿಕಾರನಿಗೆ ಯಾವ ಅನುಮಾನವೂ ಇಲ್ಲದೆ ಸಿಗುವ ಕೆಲವೇ ಸಾಮಗ್ರಿಗಳಲ್ಲಿ ಇದು ಒಂದು.

ಘಟ್ಟದ ಮೇಲಿನ ದಾರಿಯನ್ನು ಗುರುತಿಸುವುದು ಕಷ್ಟದ ಕೆಲಸ. ಹಳೆಯ ದಾರಿ ಗೋವರ್ಧನಗಿರಿಯ ಕೋಟೆಯ ಆಶ್ರಯದಲ್ಲಿ ಮೇಲೇರುತ್ತಿತ್ತು. ಶರಾವತಿಯ ಮೇಲ್ಕಣಿವೆಯ ದೊಡ್ಡ ಭಾಗ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನೀರಾಗಿದೆ. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೆಯೇ ಅದರಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಮಾತ್ರ ಮೇಲೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಇಂದಿನ ನಕ್ಷೆಯ ಮೇಲೆ ಪಾರದರ್ಶಕ ಕಾಗದ ಹಾಸಿ, ನೀರು ತುಂಬುವುದಕ್ಕೆ ಮೊದಲಿನ ನಕ್ಷೆಗಳಲ್ಲಿರುವ ಹಳ್ಳ, ದಿಬ್ಬ, ಊರುಗಳನ್ನು ಅದರ ಮೇಲೆ ಎಳೆದುಕೊಂಡೆ. ಅನಂತರ ಹೇರೆತ್ತು ಹತ್ತಬಹುದಾದ ಇಳಿಜಾರು ಎಲ್ಲೆಲ್ಲಿದೆ, ದಿನಕ್ಕೊಮ್ಮೆ ಬೀಡು ಬಿಡಲು ನೀರು ಎಲ್ಲೆಲ್ಲಿ ಸಿಗುತ್ತದೆ ಎಂದು ಗುರುತಿಸುತ್ತಾ ಹೋದೆ. ಗಾಡಿಯ ದಾರಿ ಇರಲಿಲ್ಲ. ಮೆಣಸು ಕೆಳಗಿಳಿದದ್ದೂ ಉಪ್ಪು ಮೇಲೆ ಹತ್ತಿದ್ದೂ ಎತ್ತಿನ ಬೆನ್ನಿನ ಮೇಲೆ ಅಥವಾ ತಲೆಯ ಮೇಲೆ. ಕಾಲ್ನಡಿಗೆಯಲ್ಲಿ ನಾನೇ ಹತ್ತಿ ನೋಡಬಹುದಾದ ತುಂಡುಗಳನ್ನು ಹತ್ತಿದೆ. ಉಳಿದುದನ್ನು ನಕ್ಷೆಯಿಂದ ಊಹಿಸಿದ್ದೇನೆ. ಆ ಊಹೆಯ ತುಂಡುಗಳಲ್ಲಿ ಊರಿನ ಹೆಸರು ಹೇಳದೆ, ಹಳ್ಳ ಮತ್ತು ಮರಗಳ ಗುರುತಿನಿಂದಲೇ ಕಥೆಯನ್ನು ದಾಟಿಸಿದ್ದೇನೆ.

ಯಾರ ಕಣ್ಣು

ಕಥೆಯನ್ನು ಹೇಳಬೇಕಾದವರು ಯಾರು ಎಂಬುದು ಬಹುಕಾಲ ತೀರ್ಮಾನವಾಗದೆ ಉಳಿದಿತ್ತು. ವಿಠಲ ಶೆಣೈ ಎದ್ದು ಕಾಣುವ ಆಯ್ಕೆ: ಎರಡೂ ಭಾಷೆ, ಎರಡೂ ಆಸ್ಥಾನ ಬಲ್ಲವರು. ಆದರೆ ರಾಯಭಾರಿಗೆ ಕಾಣುವುದೆಲ್ಲ ರಾಜಕಾರಣ. ಅವರನ್ನು ನಡುವೆ ನಿಲ್ಲಿಸಿದರೆ ಪುಸ್ತಕ ಒಪ್ಪಂದಗಳ ಪುಸ್ತಕವಾಗುತ್ತಿತ್ತು. ಮೇಲಾಗಿ ಅವರು ಚರಿತ್ರೆಯಲ್ಲಿ ಇದ್ದವರು. ಅವರ ಮನಸ್ಸಿನೊಳಗೆ ನಾನು ಇನ್ನೂರು ಪುಟ ವಾಸ ಮಾಡಿದರೆ, ಓದುಗರು ಮುಂದೆ ಆ ಮನಸ್ಸನ್ನೇ ಅವರದೆಂದು ನಂಬುತ್ತಾರೆ. ಇದ್ದವರ ಕುರಿತು ಅಷ್ಟು ದೊಡ್ಡ ಸ್ವಾತಂತ್ರ್ಯವನ್ನು ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಉತ್ತರ ಸಿಕ್ಕಿದ್ದು ಪತ್ರದ ಒಂದು ಸಣ್ಣ ಭಾಗದಲ್ಲಿ. ಇಕ್ಕೇರಿಯ ದಾರಿಯಲ್ಲಿ, ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ದೆಲ್ಲಾ ವಾಲೆ ನಿಂತು ನೋಡಿದ. ಒಬ್ಬ ರಾಗವಾಗಿ ಪಾಠ ಹೇಳುತ್ತಾ, ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಅದನ್ನೇ ಬರೆಯುತ್ತಾನೆ. ಉಳಿದವರು ಅದೇ ರಾಗದಲ್ಲಿ ಹೇಳುತ್ತಾ ಹಾಗೆಯೇ ಬರೆಯುತ್ತಾರೆ. ನೆಲ ತುಂಬಿದಾಗ ಮತ್ತೆ ಮರಳು ಹರಡಿ ಮುಂದುವರಿಯುತ್ತಾರೆ. ಗುರು ಹತ್ತಿರ ಇರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲ ಎಂಬರ್ಥದ ಉತ್ತರ ಬಂತು. ಮಾತಿನ ಈ ನೇರತನ ಬಹಳ ಇಷ್ಟವಾಯಿತು. ಪರದೇಶಿ ಅವರನ್ನು ನೋಡಿದಷ್ಟೇ ಹೊತ್ತು ಅವರೂ ಅವನನ್ನು ನೋಡಿದ್ದಾರೆ. ದಾಖಲೆಯಲ್ಲಿ ಇದ್ದಾರೆ, ಹೆಸರಿಲ್ಲ. ಆ ನಾಲ್ವರಲ್ಲಿ ಒಬ್ಬನಿಗೆ ಸಿದ್ದ ಎಂದು ಹೆಸರಿಟ್ಟು, ಲೆಕ್ಕ ಬಲ್ಲವನೆಂಬ ಕಾರಣಕ್ಕೆ ತಂಡದ ಹೊರೆಗಳ ಎಣಿಕೆ ಇಡಲು ಕರಣಿಕನೊಬ್ಬ ಅವನನ್ನು ಇಕ್ಕೇರಿಗೆ ಕರೆದೊಯ್ಯುವಂತೆ ಮಾಡಿದೆ. ಹುಡುಗ, ಕರಣಿಕ, ಅವರ ಸಂಬಂಧ ಎಲ್ಲವೂ ಕಲ್ಪನೆ. ಮೊಗಸಾಲೆಯ ಆ ಬೆಳಗು ಕಲ್ಪನೆಯಲ್ಲ.

ಇಲ್ಲಿಂದ ಮುಂದೆ ಹಸ್ತಪ್ರತಿಯಲ್ಲಿ ಮೂರು ಬಣ್ಣದ ಗೆರೆಗಳು ಬಂದವು. ಪತ್ರದಲ್ಲಿ, ಶಾಸನದಲ್ಲಿ, ಕಟ್ಟಡದಲ್ಲಿ ಇರುವುದಕ್ಕೆ ಅಂಚಿನಲ್ಲಿ ಕಪ್ಪು ಗೆರೆ; ಅದರಿಂದ ನ್ಯಾಯವಾಗಿ ಊಹಿಸಿದ್ದಕ್ಕೆ ನೀಲಿ; ಪೂರ್ತಿ ನನ್ನದಾದದ್ದಕ್ಕೆ ಕೆಂಪು. ಕಪ್ಪು ಗೆರೆಯ ಘಟನೆಯನ್ನು ಕೆಂಪು ಗೆರೆಯ ಪಾತ್ರ ಬದಲಿಸಕೂಡದು ಎಂಬುದೊಂದು ನಿಯಮ. ಕೆಂಪು ಗೆರೆ ಪುಟಗಟ್ಟಲೆ ಹಬ್ಬಿದರೆ ಆ ಭಾಗಕ್ಕೆ ಇನ್ನಷ್ಟು ನೀಲಿ ಬೇಕು, ಅಂದರೆ ಮತ್ತೆ ಓದಿಗೆ ಹೋಗಬೇಕು, ಎಂಬುದು ಇನ್ನೊಂದು.

ಕಡತ, ಮರಳು, ಎಣ್ಣೆ

ಸಿದ್ದ ಬರೆಯುವವನು. ಆದ್ದರಿಂದ ಅವನ ಕೈಗೆ ಬರವಣಿಗೆ ಹೇಗೆ ಅನ್ನಿಸುತ್ತಿತ್ತೆಂದು ನನಗೆ ತಿಳಿದಿರಬೇಕಿತ್ತು. ಹಳೆಯ ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತವನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನೋಡಿದರೆ ಇದು ತಿಳಿಯುವುದಿಲ್ಲ. ಒಂದನ್ನು ಮಾಡಿಯೇ ನೋಡಿದೆ. ಹತ್ತಿಯ ದಪ್ಪ ಬಟ್ಟೆಯ ಉದ್ದನೆಯ ಪಟ್ಟಿ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸಿದ ಸರಿ. ಅದಕ್ಕೆ ವಸ್ತ್ರಗಾಳಿತ ಇದ್ದಿಲ ಪುಡಿ. ಬಟ್ಟೆಯ ಎರಡೂ ಬದಿಗೆ ಬಳಿದು, ನೆರಳಿನಲ್ಲಿ ಒಣಗಿಸಿ, ಮತ್ತೆ ಬಳಿದು, ಪೂರ್ತಿ ಒಣಗಿದ ಮೇಲೆ ನುಣ್ಣನೆಯ ಕಲ್ಲಿನಿಂದ ಉಜ್ಜಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಚಬೇಕು. ಸರಿ ತೆಳುವಾದರೆ ಇದ್ದಿಲು ಕೈಗೆ ಹತ್ತುತ್ತದೆ, ಗಟ್ಟಿಯಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಬಿರುಕು ಬಿಡದ ಹದ ಸಿಗುವವರೆಗೆ ಪಟ್ಟಿಗಳನ್ನು ಮಾಡುತ್ತಾ ಹೋಗಬೇಕಾಯಿತು.

ಬಳಪದಿಂದ ಅದರ ಮೇಲೆ ಬರೆದಾಗ ಗೊತ್ತಾದ ಸಂಗತಿಗಳು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ. ಬಳಪದ ತುದಿ ಬೇಗ ಮೊಂಡಾಗುವುದರಿಂದ ಬರೆಯುವವನು ಅದನ್ನು ಬೆರಳುಗಳ ನಡುವೆ ತಿರುಗಿಸುತ್ತಲೇ ಇರುತ್ತಾನೆ. ಅಂಗೈಯ ಅಂಚು ಬರೆದುದನ್ನು ಅಳಿಸದಂತೆ ಮಣಿಕಟ್ಟನ್ನು ಎತ್ತಿ ಹಿಡಿಯಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಹೋಗುತ್ತದೆ, ಆದರೆ ಓರೆಯಾಗಿ ಬೆಳಕಿಗೆ ಹಿಡಿದರೆ ಹಳೆಯ ಗೆರೆಯ ಛಾಯೆ ಕೆಲವು ಸಲ ಉಳಿದಿರುತ್ತದೆ. ಈ ಕೊನೆಯ ಸಂಗತಿಯ ಮೇಲೆಯೇ ಕಾದಂಬರಿಯ ಒಂದು ಮುಖ್ಯ ತಿರುವು ನಿಂತಿದೆ: ಕರಣಿಕ ಒರೆಸಿ ತಿದ್ದಿದ ಸುಂಕದ ಲೆಕ್ಕವನ್ನು ಹುಡುಗ ಓರೆ ಬೆಳಕಿನಲ್ಲಿ ಓದುತ್ತಾನೆ. ಕಡತದ ಮತ್ತೊಂದು ಗುಣವೂ ಉಪಯೋಗಕ್ಕೆ ಬಂತು. ಹರಳೆಣ್ಣೆಯ ಒಂದೇ ಬತ್ತಿಯ ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರಕ್ಕಿಂತ ಕಪ್ಪು ಬಟ್ಟೆಯ ಮೇಲಿನ ಬಿಳಿ ಅಕ್ಷರ ನನ್ನ ಕಣ್ಣಿಗೆ ಸುಲಭವಾಗಿ ಹತ್ತಿತು. ಹುಡುಗ ರಾತ್ರಿ ಕೆಲಸ ಮಾಡುವ ಸನ್ನಿವೇಶವನ್ನು ಆ ಬೆಳಕಿನಲ್ಲಿಯೇ ಕುಳಿತು ಬರೆದೆ.

ಮರಳಿನ ಮೇಲೆ ಬರೆಯುವುದನ್ನೂ ಪರೀಕ್ಷಿಸಿದೆ. ಪೂರ್ತಿ ಒಣಗಿದ ಮರಳಿನಲ್ಲಿ ಗೆರೆಯ ಅಂಚು ಕುಸಿಯುತ್ತದೆ. ನುಣುಪಾದ ಮರಳನ್ನು ತೆಳ್ಳಗೆ ಹರಡಿದರೆ ಕೆಳಗಿನ ನೆಲವೇ ಅಕ್ಷರವಾಗಿ ಕಾಣುತ್ತದೆ. ಮಧ್ಯಾಹ್ನಕ್ಕಿಂತ ಬೆಳಗಿನ ಓರೆ ಬಿಸಿಲಿನಲ್ಲಿ ಅದು ಹೆಚ್ಚು ಸ್ಪಷ್ಟ. ಮಗ್ಗಿ ಹೇಳುವುದನ್ನು ಬೆಳಗಿನ ಹೊತ್ತಿಗೆ ಇಟ್ಟದ್ದಕ್ಕೆ ಇದೂ ಒಂದು ಕಾರಣ.

ಊಟದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕಾಫಿ, ಚಹಾ, ಆಲೂಗಡ್ಡೆ, ಟೊಮೆಟೊ ಈ ಅಡುಗೆಮನೆಯಲ್ಲಿಲ್ಲ. ಖಾರಕ್ಕೆ ಕಾಳುಮೆಣಸು. ಅಮೆರಿಕದಿಂದ ಬಂದ ಮೆಣಸಿನಕಾಯಿ ಕರಾವಳಿಯ ಪೋರ್ಚುಗೀಸರ ಅಡುಗೆಯಲ್ಲಿ ಒಮ್ಮೆ ಬಂದು ಹೋಗುತ್ತದೆ, ಘಟ್ಟದ ಮೇಲಿನ ಮನೆಗಳಲ್ಲಿ ಅದನ್ನು ಬಳಸಿಲ್ಲ. ಹೊಗೆಸೊಪ್ಪು ಇದೆ: ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ಆಸ್ಥಾನಕ್ಕೆ ಅದು ಹೋದದ್ದೇ ಬಿಜಾಪುರದಿಂದ. ಹಾಗಾಗಿ ತಂಡದ ಒಬ್ಬ ಸಿಪಾಯಿಯ ಕೈಯಲ್ಲಿ ಅದನ್ನು ಇಡಲು ಸಂಕೋಚಪಡಲಿಲ್ಲ.

ಬಿಟ್ಟುಕೊಡಬೇಕಾಗಿ ಬಂದದ್ದರಲ್ಲಿ ಹೆಚ್ಚು ನೋವು ಕೊಟ್ಟದ್ದು ಒಂದು ಅಳತೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಡುಗಂಬಗಳ ನಡುವಿನ ಅಂತರವನ್ನೇ, ಅಂದರೆ 18 ಅಡಿ 6 ಅಂಗುಲವನ್ನು, ತೋಟದ ಜಮೀನು ಅಳೆಯುವ ಕೋಲಿಗೆ ಪ್ರಮಾಣವಾಗಿ ಇಟ್ಟುಕೊಂಡಿದ್ದರು ಎಂಬುದು ಪ್ರಸಿದ್ಧ. ಲೆಕ್ಕ ಕಲಿತ ಹುಡುಗ ಆ ಕಂಬಗಳ ನಡುವೆ ನಿಲ್ಲುವ ಸನ್ನಿವೇಶಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಕ್ಕೀತು! ಆದರೆ ಆ ಅಳತೆ ಸೇರಿಕೊಂಡಿರುವುದು ಶಿವಪ್ಪ ನಾಯಕನ ‘ಶಿಸ್ತಿ’ಗೆ, ಅಂದರೆ ಅವನ ಭೂಕಂದಾಯದ ವ್ಯವಸ್ಥೆಗೆ. ಅವನು ಪಟ್ಟಕ್ಕೆ ಬಂದದ್ದು 1645ರಲ್ಲಿ. 1623ರ ಹುಡುಗ ಆ ಕಂಬಗಳನ್ನು ಕಂಬಗಳಾಗಿಯೇ ನೋಡುತ್ತಾನೆ.

ಮಾತು

ಸಂಭಾಷಣೆಯ ಕನ್ನಡವನ್ನು ಹಳೆಯದಾಗಿ ಕಾಣಿಸಲು ಪ್ರಯತ್ನಿಸಲಿಲ್ಲ. ಹಳಗನ್ನಡದ ಪ್ರತ್ಯಯಗಳನ್ನು ಅಂಟಿಸಿದ ಮಾತು ಯಾವ ಕಾಲದ ಬೀದಿಯಲ್ಲಿಯೂ ಯಾರೂ ಆಡದ ಮಾತಾಗುತ್ತದೆ, ಮತ್ತು ಪಾತ್ರಗಳನ್ನು ನಾಟಕದ ಪೋಷಾಕಿನಲ್ಲಿ ನಿಲ್ಲಿಸುತ್ತದೆ. ಇಂದಿನ ಮಲೆನಾಡಿನ ಆಡುಮಾತಿನ ಲಯವನ್ನು ಇಟ್ಟುಕೊಂಡು, ಅದರೊಳಗೆ 1623ರಲ್ಲಿ ಇರಲಾರದ ಪದಾರ್ಥ, ಪದ, ಹೋಲಿಕೆಗಳನ್ನು ತೆಗೆಯುತ್ತಾ ಹೋದೆ. ಪ್ರತಿ ಅಧ್ಯಾಯ ಮುಗಿದ ಮೇಲೆ ಅನುಮಾನದ ಪದಗಳನ್ನು ಪಟ್ಟಿ ಮಾಡಿ, ಕಿಟ್ಟೆಲ್ ನಿಘಂಟಿನಲ್ಲಿ, ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಪ್ರಯೋಗಗಳಲ್ಲಿ, ಸಾಗರ ಮತ್ತು ಸೊರಬ ಸೀಮೆಯ ಶಾಸನಗಳಿರುವ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಹುಡುಕಿದೆ. ಪದಗಳಿಗಿಂತ ಹೆಚ್ಚು ಜಾಗರೂಕತೆ ಬೇಕಾದದ್ದು ಹೊತ್ತಿನ ಅರಿವಿಗೆ. ಗಡಿಯಾರದ ಅಭ್ಯಾಸವಿರುವ ನಾವು ‘ಐದು ನಿಮಿಷದಲ್ಲಿ ಬಂದ’ ಎಂದು ಯೋಚಿಸುತ್ತೇವೆ. ಸಿದ್ದನಿಗೆ ಇರುವುದು ಗಳಿಗೆ, ಜಾವ, ಹಟ್ಟಿಯಿಂದ ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು. ವಾಕ್ಯದ ಒಳಗಿನ ಅವಸರವನ್ನೇ ಕಡಿಮೆ ಮಾಡಬೇಕಾಯಿತು.

ದರ್ಬಾರಿನ ಅಧ್ಯಾಯದ ದುರಸ್ತಿ

ವೆಂಕಟಪ್ಪ ನಾಯಕ ರಾಯಭಾರಿಯನ್ನು ಬರಮಾಡಿಕೊಳ್ಳುವ ಅಧ್ಯಾಯ ಮೊದಲ ಕರಡಿನಲ್ಲಿ ಎಲ್ಲಕ್ಕಿಂತ ಉದ್ದವಾಗಿತ್ತು, ಎಲ್ಲಕ್ಕಿಂತ ಜಡವೂ ಆಗಿತ್ತು. ಪತ್ರದಲ್ಲಿ ವಿವರ ಹೇರಳವಾಗಿರುವುದರಿಂದ ಕಪ್ಪು ಗೆರೆ ಪುಟದ ಮೇಲಿನಿಂದ ಕೆಳಗಿನವರೆಗೆ ಇತ್ತು. ಅಲ್ಲಿ ಹುಡುಗನಿಗೆ ಜಾಗವೇ ಇರಲಿಲ್ಲ. ಸಿದ್ದ ದರ್ಬಾರಿನೊಳಗೆ ಹೋಗಲಾರ. ಅವನನ್ನು ಕಂಬದ ಮರೆಯಲ್ಲಿ ನಿಲ್ಲಿಸುವುದು ಕಾದಂಬರಿಕಾರರ ಹಳೆಯ ಉಪಾಯ, ಆದರೆ ಅರಮನೆಯ ಕಾವಲನ್ನು ನಗೆಪಾಟಲು ಮಾಡುವ ಉಪಾಯ.

ಅಧ್ಯಾಯವನ್ನು ಬಿಚ್ಚಿ ಮತ್ತೆ ಕಟ್ಟಿದ್ದು ಹೊರಗಿನಿಂದ. ಇಕ್ಕೇರಿಯ ಹೆಬ್ಬಾಗಿಲುಗಳ ಸುತ್ತ ಕಲ್ಲಿನ ಗೋಡೆಗೆ ಬದಲಾಗಿ ಒತ್ತಾಗಿ ಬೆಳೆಸಿದ ದಪ್ಪ ಬಿದಿರ ಮೆಳೆ ಇತ್ತೆಂದು, ಕುದುರೆಗಾಗಲಿ ಕಾಲಾಳಿಗಾಗಲಿ ಅದನ್ನು ದಾಟುವುದು ಸುಲಭವಲ್ಲವೆಂದು ದೆಲ್ಲಾ ವಾಲೆ ಬರೆದಿದ್ದಾನೆ. ಆ ಮೆಳೆಯ ನೆರಳಿನಲ್ಲಿ ಹೊರೆಗಳನ್ನು ಇಳಿಸಿ ಕಾಯುವವರ ನಡುವೆ ಅಧ್ಯಾಯ ಶುರುವಾಗುತ್ತದೆ. ಒಳಗಿನಿಂದ ಪಂಜಿನವನು ಒಂದು ಸುದ್ದಿ ತರುತ್ತಾನೆ, ಚಾಮರದವನು ಇನ್ನೊಂದು, ಎಲೆಯಡಿಕೆಯ ತಟ್ಟೆ ಒಯ್ದವನು ಮೂರನೆಯದು. ಮೂರೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಬಂಗರ ಅರಸನ ಹೆಸರು ಬಂದಾಗ ಸಭೆ ಏಕೆ ಮೌನವಾಯಿತೆಂಬುದನ್ನು ಹುಡುಗ ತನಗೆ ತಿಳಿದ ಒಂದೇ ವಿದ್ಯೆಯಿಂದ, ಅಂದರೆ ಒಳಗೆ ಹೋದ ಮತ್ತು ಹೊರಗೆ ಬಂದ ಉಡುಗೊರೆಗಳ ಎಣಿಕೆಯಿಂದ, ಲೆಕ್ಕ ಹಾಕುತ್ತಾನೆ. ಅಧ್ಯಾಯ ಮೂರನೆಯ ಒಂದು ಭಾಗಕ್ಕೆ ಇಳಿಯಿತು, ರಾಯಭಾರದ ಬಿಗುವು ಮೊದಲಿಗಿಂತ ಹೆಚ್ಚಾಯಿತು. ಸಂಜೆಯ ಬೀದಿಯಲ್ಲಿ ಹೆಂಗಸರು ಬಣ್ಣದ ಕೋಲು ಹಿಡಿದು ಹಾಡುತ್ತಾ ಕುಣಿದದ್ದನ್ನು ಪ್ರವಾಸಿ ವಿವರವಾಗಿ ಬರೆದಿದ್ದಾನೆ. ಆ ಕೋಲಾಟಕ್ಕೆ ಮಾತ್ರ ಹುಡುಗನನ್ನು ಧಾರಾಳವಾಗಿ ಬಿಟ್ಟಿದ್ದೇನೆ, ಏಕೆಂದರೆ ಬೀದಿ ಎಲ್ಲರದು.

ಜಕ್ಕಮ್ಮ

ಪುಸ್ತಕದ ಅತ್ಯಂತ ಕಷ್ಟದ ಭಾಗ ಇದು. ಇಕ್ಕೇರಿಯಲ್ಲಿ ದೆಲ್ಲಾ ವಾಲೆ ಒಬ್ಬ ಹೆಂಗಸನ್ನು ಕಂಡ. ತೆಲುಗರವಳು; ಗಂಡ ನಗಾರಿ ಬಾರಿಸುವವನು; ಅವನು ಸತ್ತ ಮೇಲೆ ಸಹಗಮನ ಮಾಡುವುದಾಗಿ ನಿಶ್ಚಯಿಸಿ, ಕೈಯಲ್ಲಿ ಕನ್ನಡಿ ಮತ್ತು ನಿಂಬೆಹಣ್ಣು ಹಿಡಿದು, ಕುದುರೆಯ ಮೇಲೆ ಊರಿನ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿದ್ದಳು. ನವೆಂಬರ್ 16ರಂದು ಅವನು ಅವಳ ಮನೆಗೆ ಹೋಗಿ ದುಭಾಷಿಯ ಮೂಲಕ ಮಾತಾಡಿಸಿದ. ನಿರ್ಧಾರ ಬದಲಿಸುವಂತೆ ಕೇಳಿಕೊಂಡ. ತನ್ನ ಇಚ್ಛೆಯಿಂದಲೇ ಹೋಗುತ್ತಿದ್ದೇನೆಂದು ಅವಳು ಉತ್ತರಿಸಿದಳು. ಅವಳಿಗೆ ಚಿಕ್ಕ ಮಕ್ಕಳಿದ್ದರು. ಅವನು ಬರೆದ ಹೆಸರನ್ನು ನಾನು ಜಕ್ಕಮ್ಮ ಎಂದು ಓದಿಕೊಂಡಿದ್ದೇನೆ. ಚಿತೆಯನ್ನು ಅವನು ಕಣ್ಣಾರೆ ಕಂಡಂತೆ ಬರೆದಿಲ್ಲ.

ಹದಿನೇಳನೆಯ ಶತಮಾನದ ಒಬ್ಬ ನಗಾರಿಯವನ ಹೆಂಡತಿ ಹೆಸರು ಸಮೇತ ನಮಗೆ ಉಳಿದಿರುವುದು ಈ ಒಂದು ಕಾರಣಕ್ಕೆ. ಅವಳ ಕುರಿತು ಬರೆಯುವಾಗ ಎರಡು ಆಕರ್ಷಣೆಗಳನ್ನು ತಡೆಯಬೇಕಾಯಿತು. ಸಾವನ್ನು ವೈಭವದಿಂದ ವರ್ಣಿಸುವುದು ಒಂದು. ಆ ದಾರಿಯಲ್ಲಿ ಹೋದ ಬರಹಗಳು ನಮ್ಮಲ್ಲಿ ಸಾಕಷ್ಟಿವೆ, ಮಾಸ್ತಿಕಲ್ಲುಗಳ ಎತ್ತಿದ ಕೈಯನ್ನು ಹೂವಿನಿಂದ ಮುಚ್ಚಿದ ಬರಹಗಳು. ಹುಡುಗನ ಬಾಯಿಂದ ಇಂದಿನ ನನ್ನ ಖಂಡನೆಯನ್ನು ಆಡಿಸುವುದು ಇನ್ನೊಂದು. ನನಗೆ ಖಂಡನೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ 1623ರ ಹತ್ತು ವರ್ಷದ ಹುಡುಗನಿಗೆ ಅದು ತೋಚುವ ರೀತಿ ಬೇರೆ. ಅವನಿಗೆ ತೋಚುವುದು ಅವಳ ಮಕ್ಕಳ ಪ್ರಶ್ನೆ: ರಾತ್ರಿ ಅವರು ಎಲ್ಲಿ ಮಲಗುತ್ತಾರೆ, ಯಾರು ಉಣ್ಣಿಸುತ್ತಾರೆ. ತಾಯಿಯಿಲ್ಲದ ಮನೆಯ ಲೆಕ್ಕವನ್ನು ಅವನು ಕಡತದಲ್ಲಿ ಬರೆಯಲು ಹೊರಟು, ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಪಂಚಾಂಗದ ಹಾಳೆಯ ಪ್ರಕಾರ ಆ ಸಂಜೆ ಕೃಷ್ಣಪಕ್ಷದ ಕೊನೆಯ ದಿನಗಳಿಗೆ ಹತ್ತಿರ. ಚಂದ್ರ ಹುಟ್ಟುವುದು ನಡುರಾತ್ರಿಯ ಆಚೆಗೆ. ಆದ್ದರಿಂದ ಅವಳ ಮನೆಯಂಗಳದ ದೃಶ್ಯ ಪಂಜಿನ ಬೆಳಕಿನಲ್ಲಿ ಮಾತ್ರ ನಡೆಯುತ್ತದೆ. ಅವಳ ಮುಖ ಪಂಜು ತಿರುಗಿದಾಗಷ್ಟೇ ಕಾಣುತ್ತದೆ. ಅವಳು ದುಭಾಷಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಒಂದು ಮಾತನ್ನೂ ನಾನು ಅವಳ ಬಾಯಲ್ಲಿ ಇಟ್ಟಿಲ್ಲ. ಅವಳ ಮನಸ್ಸಿನ ಒಳಗೆ ಹೋಗಿಲ್ಲ. ಈ ಅಧ್ಯಾಯದಲ್ಲಿ ಕೆಂಪು ಗೆರೆ ಇರುವುದು ಹುಡುಗನ ಪಕ್ಕದಲ್ಲಿ, ಮಕ್ಕಳ ಪಕ್ಕದಲ್ಲಿ, ಮತ್ತು ಗಂಡನ ನಗಾರಿಯನ್ನು ಕೇಳಲು ಬಂದ ಒಬ್ಬ ವ್ಯಾಪಾರಿಯ ಪಕ್ಕದಲ್ಲಿ ಮಾತ್ರ. ಚಿತೆಯ ದೃಶ್ಯ ಇಲ್ಲ. ಪ್ರವಾಸಿ ಇಕ್ಕೇರಿ ಬಿಡುವ ದಿನದೊಂದಿಗೆ ಮೊದಲ ಭಾಗ ಮುಗಿಯುತ್ತದೆ. ಆ ಹೊತ್ತಿಗೆ ಅವಳು ಬದುಕಿದ್ದಾಳೆ. ಹಸ್ತಪ್ರತಿ ಓದಿದ ಕೆಲವರಿಗೆ ಇದು ಅಪೂರ್ಣವೆನಿಸಿತು. ದಾಖಲೆ ನಿಂತ ಕಡೆ ನಿಲ್ಲುವುದು ಅವಳಿಗೆ ನಾನು ಸಲ್ಲಿಸಬೇಕಾದ ಮರ್ಯಾದೆ ಎಂದು ನನಗೆ ಅನ್ನಿಸಿದೆ, ಅದನ್ನು ಬದಲಿಸುವುದಿಲ್ಲ.

ಮುಂದಿನ ಕೆಲಸ

ಮೊದಲ ಭಾಗವನ್ನು ಒಮ್ಮೆ ಪೂರ್ತಿ ಗಟ್ಟಿಯಾಗಿ ಓದಿ, ಉಸಿರು ಕಟ್ಟುವ ವಾಕ್ಯಗಳನ್ನು ಒಡೆದು, ಹಾಳೆಗಳನ್ನು ಸದ್ಯಕ್ಕೆ ಕಟ್ಟಿ ಇಟ್ಟಿದ್ದೇನೆ. ಎರಡನೆಯ ಭಾಗದ ಕಾಲ 1637–38, ವೀರಭದ್ರ ನಾಯಕನ ಆಳ್ವಿಕೆ. ರಣದುಲ್ಲಾ ಖಾನನ ನೇತೃತ್ವದಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹೊಕ್ಕ ಸಮಯ ಅದು. ಅದರ ಅನಂತರ ರಾಜಧಾನಿ ಬಿದನೂರಿಗೆ ಹೋಯಿತು. ಸಿದ್ದ ಈಗ ಕಡತದ ಜವಾಬ್ದಾರಿ ಹೊತ್ತ ಕರಣಿಕ, ಇಪ್ಪತ್ತನಾಲ್ಕರ ವಯಸ್ಸು. 1637ರ ಮೊದಲ ತಿಂಗಳುಗಳಲ್ಲಿ ಭಟ್ಕಳಕ್ಕೆ ಹಡಗಿನಲ್ಲಿ ಬಂದಿಳಿದ ಪೀಟರ್ ಮಂಡಿ ಎಂಬ ಇಂಗ್ಲಿಷಿನವನು ಇಕ್ಕೇರಿಗೂ ಬಂದು ಹೋಗಿದ್ದಾನೆ, ಅವನ ದಿನಚರಿ ಉಳಿದಿದೆ. ಅವನದು ಹಳೆಯ ಪದ್ಧತಿಯ ತಾರೀಖು. ಇಂಗ್ಲಿಷರ ಹೊಸ ವರ್ಷ ಆಗ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ, ಫೆಬ್ರವರಿಯ ದಿನಗಳಿಗೆ ಅವರ ಲೆಕ್ಕದಲ್ಲಿ ವರ್ಷ ಇನ್ನೂ 1636. ಆದ್ದರಿಂದ ಕಥೆಗೆ ಕೈ ಹಚ್ಚುವ ಮೊದಲು ಶಕ 1559ರ ಈಶ್ವರ ಸಂವತ್ಸರಕ್ಕೂ ಅದರ ಹಿಂದಿನ ಧಾತು ಸಂವತ್ಸರದ ಕೊನೆಯ ತಿಂಗಳುಗಳಿಗೂ ಹೊಸ ಹಾಳೆ ಎಳೆದು, ಮಂಡಿಯ ಪ್ರತಿ ತಾರೀಖಿಗೂ ಹತ್ತು ದಿನ ಕೂಡಿಸಿ, ತಿಥಿಯೊಂದಿಗೆ ಜೋಡಿಸಬೇಕು. ಅಂಕಣಗಳನ್ನು ಎಳೆದಾಗಿದೆ, ಮಾಘ ಮಾಸದವರೆಗೆ ತುಂಬಿದ್ದೇನೆ.